‘ಬೆಟ್ಟದಲ್ಲಿ ನಿಂಗೇನು ಕೆಲಸ?’

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಒಂದಷ್ಟು ಜನ ಖಜಾನೆಯ ಲೆಕ್ಕ ಕೇಳಿದರು. ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ಅದಕ್ಕಿಂತ ಜೋರಾಗಿ ಓಡಾಡಿದ್ದು ವಾಟ್ಸಾಪ್ ಜೋಕುಗಳು: ಹೆಂಡತಿ ಧರ್ಮಸ್ಥಳ, ಕುಕ್ಕೆ ಅಂತ ಹೊರಟಳು, ಗಂಡ ಒಲೆ ಮುಂದೆ ನಿಂತ. ಆ ನಗುವಿನ ಹಿಂದಿದ್ದ ಸಿಟ್ಟು ಟಿಕೆಟ್ಟಿನದ್ದಲ್ಲ, ಹೆಂಗಸರು ‘ಸುಮ್ಮನೆ’ ಹೊರಟರಲ್ಲ ಅನ್ನೋದು.

ಈ ‘ಸುಮ್ಮನೆ’ಯಲ್ಲೇ ನಿಜವಾದ ರಾಜಕೀಯ ಇರೋದು ಅಂತ ನನ್ನ ವಾದ.

ಕುಕ್ಕೆಯವರೆಗೆ ಬಸ್ಸು ಫ್ರೀ. ಅಲ್ಲಿಂದ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಹಾದಿ ಶುರು. ಇಲ್ಲಿಂದ ಮೇಲೆ ಪ್ರಶ್ನೆಗಳೂ ಶುರು: ಜೊತೆಗೆ ಯಾರು? ಸೇಫಾ? ಏನು ಕೆಲಸ? ಮಲೆನಾಡಿನ ಹೆಂಗಸರಿಗೆ ಕಾಡು ಹೊಸದಲ್ಲ. ಸೌದೆಗೆ, ಸೊಪ್ಪಿಗೆ, ದರಗಿಗೆ, ಅಣಬೆಗೆ ಅಂತ ತಲೆಮಾರುಗಳಿಂದ ನಡೆದಿದ್ದಾರೆ. ತಲೆ ಮೇಲೆ ಹೊರೆ ಇದ್ದಾಗ ಯಾರೂ ಸುರಕ್ಷತೆಯ ಮಾತೆತ್ತಲಿಲ್ಲ. ಅದೇ ಹೆಣ್ಣು ಖಾಲಿ ಕೈಯಲ್ಲಿ ಹೊರಟರೆ ಊರೆಲ್ಲ ಕಾವಲುಗಾರರು.

ಹಾಗೆ ಖಾಲಿ ಕೈಯಲ್ಲಿ ಹೊರಟವಳು ನಮ್ಮಲ್ಲೇ ಇದ್ದಳು. 12ನೇ ಶತಮಾನದ ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ಹೋದಳು. ಅವಳ ವಚನಗಳಲ್ಲಿ ಗಿಳಿ, ಕೋಗಿಲೆ, ದುಂಬಿ, ಬೆಟ್ಟ ಬರೋದು ಅಲಂಕಾರಕ್ಕಲ್ಲ. ಆ ಭಾಷೆ ನಡೆದ ಕಾಲುಗಳಿಂದ ಬಂದದ್ದು. ನಾವು ಮಾತ್ರ ಅವಳನ್ನು ಕ್ಯಾಲೆಂಡರಿಗೆ ಏರಿಸಿ ಕೈತೊಳೆದುಕೊಂಡೆವು. ಪೂಜೆ ಮಾಡಿದರೆ ಅನುಸರಿಸಬೇಕಾಗಿಲ್ಲವಲ್ಲ!

ನಡಿಗೆಗೂ ಬರವಣಿಗೆಗೂ ಇರುವ ಈ ನಂಟು, ಆ ಬರವಣಿಗೆಯನ್ನು ಮರೆಮಾಚುವ ಚಾಳಿ, ಎರಡೂ ನಮ್ಮೂರಿಗಷ್ಟೇ ಸೀಮಿತವಲ್ಲ. 1818ರ ಅಕ್ಟೋಬರಿನಲ್ಲಿ ಡೊರೊಥಿ ವರ್ಡ್ಸ್‌ವರ್ತ್ ಗೆಳತಿ ಮೇರಿ ಬಾರ್ಕರ್ ಜೊತೆ ಇಂಗ್ಲೆಂಡಿನ ಅತಿ ಎತ್ತರದ ಸ್ಕಾಫೆಲ್ ಪೈಕ್ ಹತ್ತಿ, ಅದರ ಬಗ್ಗೆ ಪತ್ರ ಬರೆದಳು. ಅಣ್ಣ ವಿಲಿಯಂ ಅದನ್ನು ತನ್ನ ಪ್ರವಾಸಿ ಕೈಪಿಡಿಯಲ್ಲಿ ಅವಳ ಹೆಸರಿಲ್ಲದೆ ಸೇರಿಸಿದ. ಸ್ಕಾಟ್ಲೆಂಡಿನ ನ್ಯಾನ್ ಶೆಫರ್ಡ್ ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ ಜೀವಮಾನವಿಡೀ ಅಲೆದು ಬರೆದ ‘ದಿ ಲಿವಿಂಗ್ ಮೌಂಟನ್’ ಮೂವತ್ತು ವರ್ಷ ಡ್ರಾಯರಿನಲ್ಲಿದ್ದು, 1977ರಲ್ಲಿ ಅಚ್ಚಾಯಿತು. ಶಿಖರ ಮುಟ್ಟಿ ಬಾವುಟ ನೆಡೋದು ಅವಳಿಗೆ ಮುಖ್ಯವಾಗಿರಲಿಲ್ಲ. ಬೆಟ್ಟದೊಳಗೆ ಸುಮ್ಮನೆ ಇರೋದು ಮುಖ್ಯವಾಗಿತ್ತು. ಎಂಜಿನಿಯರಿಂಗ್ ಓದಿದ ನನ್ನಂಥವರಿಗೆ ಔಟ್‌ಪುಟ್ ಇಲ್ಲದ ಕೆಲಸ ಅರ್ಥವಾಗೋದು ಕಷ್ಟ. ಆದರೆ ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಹೊತ್ತಿನಲ್ಲೇ ಹೊಸ ಯೋಚನೆಗೆ ಜಾಗ ಸಿಗೋದು. ಹೆಂಗಸರಿಗೆ ನಾವು ಕೊಡದೇ ಇರೋದು ಅದೇ ಹೊತ್ತನ್ನು.

ಕೇರಳದ 1,868 ಮೀಟರ್ ಎತ್ತರದ ಅಗಸ್ತ್ಯಕೂಡಂ ನೋಡಿ. ಅಲ್ಲಿ ಹೆಂಗಸರಿಗೆ ಅರಣ್ಯ ಇಲಾಖೆಯೇ ಅನುಮತಿ ಕೊಡುತ್ತಿರಲಿಲ್ಲ. 2018ರ ನವೆಂಬರಿನಲ್ಲಿ ಹೈಕೋರ್ಟ್ ಈ ತಾರತಮ್ಯ ತಪ್ಪು ಎಂದಿತು. 2019ರ ಜನವರಿಯಲ್ಲಿ ಧನ್ಯಾ ಸನಲ್ ಹತ್ತಿದರು. ಅಲ್ಲಿನ ಕಾಣಿ ಬುಡಕಟ್ಟಿನವರು ನಂಬಿಕೆಯ ಕಾರಣಕ್ಕೆ ಪ್ರತಿಭಟಿಸಿದರು, ಆದರೆ ದಾರಿ ತಡೆಯಲಿಲ್ಲ. ಅವರ ಮಾತನ್ನು ಕೂತು ಕೇಳಬೇಕು. ಆದರೆ ಗಂಡಸರಿಗೆ ಪರ್ಮಿಟ್ ಕೊಟ್ಟು ಹೆಂಗಸರಿಗಷ್ಟೇ ಇಲ್ಲ ಅನ್ನೋ ಸರ್ಕಾರಿ ನಿಯಮಕ್ಕೆ ಆ ನಂಬಿಕೆಯ ರಕ್ಷಣೆ ಕೊಡೋಕಾಗಲ್ಲ.

ನಮ್ಮಲ್ಲಿ ಅಂಥ ನಿಷೇಧವಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ತಂದಿತು, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿ ಹಾಕಿತು. ಕಾಡಿನ ದೃಷ್ಟಿಯಿಂದ ಸರಿಯಾದ ಕ್ರಮ. ಆದರೆ ತಲೆ ಎಣಿಸಿದರೆ ಮುಗೀತಾ? ಬೆಟ್ಟದ ಬುಡದಲ್ಲಿ ಶುಚಿಯಾದ ಶೌಚಾಲಯ ಬೇಕು. ಸೌದೆ ಹೊತ್ತು ಹಾದಿಯನ್ನು ಅಂಗೈಯಂತೆ ಬಲ್ಲ ಹೆಂಗಸರಿಗೆ ಗೈಡ್ ತರಬೇತಿ, ಸಂಬಳ ಬೇಕು. ಹಾಗಾದರೆ ಚಾರಣ ಅನ್ನೋದು ಬೆಂಗಳೂರಿನ ಐಟಿ ಹುಡುಗಿಯರ ವೀಕೆಂಡ್ ಮಾತ್ರ ಆಗಿ ಉಳಿಯಲ್ಲ.

ಇನ್ನು ‘ಸೇಫಾ?’ ಅನ್ನೋ ಪ್ರಶ್ನೆ. ಭಯ ಸುಳ್ಳಲ್ಲ. ಆದರೆ ಎನ್‌ಸಿಆರ್‌ಬಿಯ 2022ರ ವರದಿಯಲ್ಲಿ ಮಹಿಳೆಯರ ಮೇಲಿನ ಅಪರಾಧಗಳಲ್ಲಿ ಅತಿ ದೊಡ್ಡ ಪಾಲು, ಶೇ 31.4, ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯದ್ದು. ಅಷ್ಟಾದರೂ ಮನೆಯೊಳಗೆ ಹೋಗುವ ಹೆಣ್ಣನ್ನು ಯಾರೂ ‘ಸೇಫಾ?’ ಅಂತ ಕೇಳಲ್ಲ. ಮುಂದಿನ ಸಲ ಮನೆಯ ಹುಡುಗಿ ಬೆಟ್ಟಕ್ಕೆ ಹೋಗ್ತೀನಿ ಅಂದರೆ, ಕಾರಣ ಕೇಳೋ ಮುಂಚೆ ನೀರಿನ ಬಾಟಲಿ ತುಂಬಿಸಿಕೊಡಿ.