ಬೋನು ಕೇಳಿದ್ದು ಸಾಕು, ಹಗಲು ಕರೆಂಟ್ ಕೇಳಿ

ಕಬ್ಬಿನ ಗದ್ದೇಲಿ ಚಿರತೆ ಕಂಡಿತು ಅಂದರೆ ನಮ್ಮ ಕಡೆ ನಡೆಯೋದು ಒಂದೇ ನಾಟಕ. ವಾಟ್ಸಾಪಿನಲ್ಲಿ ವಿಡಿಯೊ, ಅರಣ್ಯ ಇಲಾಖೆಯವರಿಗೆ ಘೇರಾವ್, ಆಮೇಲೆ ಬೋನು. ಚಿರತೆ ಬಿದ್ದರೆ ‘ನಿಟ್ಟುಸಿರು ಬಿಟ್ಟ ಗ್ರಾಮಸ್ಥರು’ ಅಂತ ಸುದ್ದಿ. ಅಲ್ಲಿಗೆ ಮುಗೀತು.

ಆ ನಿಟ್ಟುಸಿರು ಎಷ್ಟು ದಿನ? ಒಂದನ್ನು ಹಿಡಿದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತೆ. ಹಿಡಿದದ್ದನ್ನು ಬೇರೆ ಕಡೆ ಬಿಟ್ಟರೆ ಅಲ್ಲಿನವರಿಗೆ ತಲೆನೋವು. ಕಂಡಕಂಡ ಚಿರತೆ ಹಿಡಿದು ಸಾಗಿಸಿದರೆ ಸಂಘರ್ಷ ಹೆಚ್ಚುತ್ತೆ ಅಂತ ಕೇಂದ್ರ ಪರಿಸರ ಸಚಿವಾಲಯವೇ 2011ರ ಮಾರ್ಗಸೂಚಿಯಲ್ಲಿ ಹೇಳಿದೆ.

ಭಯ ಸುಳ್ಳಲ್ಲ. 2022ರ ನವೆಂಬರಿನಲ್ಲಿ ಚಿರತೆ ಕಂಡಿತು ಅಂತ ಕೆಆರ್‌ಎಸ್ ಬೃಂದಾವನಕ್ಕೇ ಬಾಗಿಲು ಹಾಕಿದರು. ಪ್ರವಾಸಿಗರಿಗೆ ಬಾಗಿಲು ಹಾಕಬಹುದು. ನಡುರಾತ್ರಿ ತ್ರೀ ಫೇಸ್ ಬಂತು ಅಂತ ಟಾರ್ಚ್ ಹಿಡಿದು ಮೋಟರ್ ಹಾಕಲು ಹೋಗುವ ರೈತನಿಗೆ ಯಾವ ಬಾಗಿಲು? ಅವನನ್ನು ಕತ್ತಲಲ್ಲಿ ಗದ್ದೆಗೆ ಕಳಿಸಿದ್ದು ಚಿರತೆಯಲ್ಲ, ಕರೆಂಟಿನ ವೇಳಾಪಟ್ಟಿ. ಕೋಳಿ ಅಂಗಡಿ ತ್ಯಾಜ್ಯವನ್ನು ಊರ ಬದಿಗೆ ಸುರಿದು ನಾಯಿ ಸಾಕುತ್ತಿರೋದೂ, ನಾಯಿ ಹಿಂದೆ ಚಿರತೆ ಕರೆಯುತ್ತಿರೋದೂ ನಾವೇ.

ಬೆಟ್ಟಗಳ ಕಥೆಯೂ ಅಷ್ಟೆ. ಬೇಬಿ ಬೆಟ್ಟದ ಸುತ್ತ ವರ್ಷಗಟ್ಟಲೆ ಬಂಡೆ ಸಿಡಿಸಿದರು. ಕೆಆರ್‌ಎಸ್ ಸುತ್ತ 20 ಕಿ.ಮೀ. ಗಣಿಗಾರಿಕೆ ನಿಲ್ಲಿಸಿ ಅಂತ 2024ರ ಜನವರಿಯಲ್ಲಿ ಹೈಕೋರ್ಟ್ ಹೇಳಿತು. ಅದೂ ಅಣೆಕಟ್ಟೆ ಉಳಿಯಲಿ ಅಂತ. ಬಂಡೆ ಸಂದಿಯಲ್ಲಿ ಮರಿ ಹಾಕುವ ಪ್ರಾಣಿ ಪರವಾಗಿ ವಕಾಲತ್ತು ಹಾಕೋರು ಯಾರು?

ನಾವೇ ಹಾಕಬೇಕು. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಪಂಚಾಯಿತಿ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು ಅಂತ ಪಿಡಿಒ ಅವರನ್ನು ಕೇಳಿ. ಉತ್ತರ ಬರಲಿಲ್ಲವೋ, ಆರ್‌ಟಿಐ ಅರ್ಜಿಗೆ 10 ರೂಪಾಯಿ.

ಹಂದಿಗೆ ಉರುಳು ಇಡೋರಿಗೂ ಒಂದು ಮಾತು. ಅದಕ್ಕೆ ಚಿರತೆ ಸಿಕ್ಕಿ ಸತ್ತು ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು. ಆಗ ಯಾವ ಎಂಎಲ್‌ಎಯೂ ಬಿಡಿಸಲ್ಲ.

ನಮ್ಮದೇ ಜಿಲ್ಲೆಯ ಕೊಕ್ಕರೆಬೆಳ್ಳೂರಿನವರು ಹಕ್ಕಿಗಳನ್ನು ಮನೆ ಮಕ್ಕಳಂತೆ ಕಾಪಾಡಿದರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಮೊದಲು ಊರು ನಿಂತಿತು, ಕಾನೂನು ಹಿಂದೆ ಬಂತು.

ಮುಂದಿನ ಗ್ರಾಮಸಭೆಯಲ್ಲಿ ಬೋನಿನ ಅರ್ಜಿ ಬೇಡ. ಪಂಪ್‌ಸೆಟ್ಟಿಗೆ ಹಗಲು ಕರೆಂಟ್, ಕೋಳಿ ತ್ಯಾಜ್ಯಕ್ಕೆ ದಂಡ, ಕುರಿ ಕಳಕೊಂಡವರಿಗೆ ತಡವಿಲ್ಲದೆ ಪರಿಹಾರ. ಈ ಮೂರನ್ನು ನಿರ್ಣಯ ಪುಸ್ತಕದಲ್ಲಿ ಬರೆಸಿ, ನಕಲು ಇಸ್ಕೊಂಡು ಬನ್ನಿ. ಓಟು ಕೇಳಲು ಬರುವವರ ಕೈಗೆ ಮೊದಲು ಆ ನಕಲು ಕೊಡಿ.