ರೋಗಕ್ಕೆಂದೇ ಹುಟ್ಟಿಸಿದ ಜೀವ

ರಕ್ತನಾಳದಲ್ಲಿ ಕೊಬ್ಬು ಕಟ್ಟುವ ವ್ಯಾಧಿ ಇಲಿಗೆ ಸಹಜವಾದುದಲ್ಲ. ವೈದ್ಯರು ‘ಒಳ್ಳೆಯ ಕೊಲೆಸ್ಟರಾಲು’ ಎನ್ನುವ ಎಚ್.ಡಿ.ಎಲ್. ರೂಪದಲ್ಲಿಯೇ ಅದರ ರಕ್ತದ ಕೊಲೆಸ್ಟರಾಲಿನ ಬಹುಪಾಲು ಸಂಚರಿಸುತ್ತದೆ. ಮನುಷ್ಯನ ವ್ಯಾಧಿಯನ್ನು ಇಲಿಯಲ್ಲಿ ಕಾಣಲೇಬೇಕೆಂದು 1992ರಲ್ಲಿ ಅಮೆರಿಕದ ಎರಡು ತಂಡಗಳು, ನಾರ್ತ್ ಕ್ಯಾರೊಲಿನಾದಲ್ಲಿ ನೊಬುಯೊ ಮಯೆದಾ ಅವರದು, ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೆಸ್ಲೊ ಅವರದು, ಇಲಿಯ ಭ್ರೂಣಕೋಶದಲ್ಲಿ ಅಪೊ-ಇ ಪ್ರೋಟೀನಿನ ಜೀನನ್ನು ಕೆಡಿಸಿದುವು. ಈ ಪ್ರೋಟೀನಿಲ್ಲದೆ ಯಕೃತ್ತು ರಕ್ತದ ಕೊಬ್ಬಿನ ಕಣಗಳನ್ನು ಸರಿಯಾಗಿ ಹೀರಿಕೊಳ್ಳಲಾರದು. ಡೆಸಿಲೀಟರಿಗೆ ನೂರು ಮಿಲಿಗ್ರಾಮಿನ ಆಸುಪಾಸಿನಲ್ಲಿರಬೇಕಾದ ಕೊಲೆಸ್ಟರಾಲು ಸಾಧಾರಣ ಆಹಾರದಲ್ಲಿಯೇ ನಾನೂರನ್ನು ದಾಟುತ್ತದೆ. ಅದರ ಸಂತತಿಯೂ ರೋಗಿಯಾಗಿಯೇ ಹುಟ್ಟುತ್ತದೆ.

ಈ ಇಲಿಯಿಂದ ಏನೂ ತಿಳಿದುಬರಲಿಲ್ಲವೆಂದು ಹೇಳುವುದು ಅಸತ್ಯ. ರಕ್ತನಾಳದ ಗಾಯವು ಹಂತಹಂತವಾಗಿ ಬೆಳೆಯುವ ಬಗೆ ಅದರಿಂದ ಕಂಡುಬಂದಿದೆ. ಆದರೆ ಪಿ.ಸಿ.ಎಸ್.ಕೆ.9 ಎಂಬ ಜೀನಿಗೂ ಕೊಲೆಸ್ಟರಾಲಿಗೂ ಇರುವ ನಂಟು 2003ರಲ್ಲಿ ಬೆಳಕಿಗೆ ಬಂದುದು ಫ್ರಾನ್ಸಿನ ಕೆಲವು ಮನೆತನಗಳ ಅಧ್ಯಯನದಿಂದ. ಇಂದಿನ ಪ್ರಬಲ ಔಷಧಿಗಳಲ್ಲಿ ಕೆಲವಕ್ಕೆ ಮೂಲ ಆ ಮಾನವ ಕುಟುಂಬಗಳೇ.

ಗೃಹಸ್ಥನಿಗೆ ಅಡುಗೆ, ಕೃಷಿ, ಉದ್ಯೋಗಗಳಲ್ಲಿ ತಪ್ಪಿಸಲಾಗದ ಹಿಂಸೆಯುಂಟು. ಈ ಇಲಿಯ ಹಿಂಸೆಯನ್ನು ಆ ಸಾಲಿಗೆ ಸೇರಿಸುವ ಪಂಡಿತರೂ ಇದ್ದಾರೆ! ಪಂಚೇಂದ್ರಿಯ ಜೀವವೊಂದನ್ನು ರೋಗ ಬರಲೆಂದೇ ಹುಟ್ಟಿಸಿ, ರೋಗ ಬಲಿತ ಮೇಲೆ ಕೊಂದು, ಮಹಾಧಮನಿಯನ್ನು ಸೀಳಿ ಅಳೆಯುವುದು ಸಂಕಲ್ಪೀ ಹಿಂಸೆಯಲ್ಲವಾದರೆ ಆ ಹೆಸರಿಗೆ ಅರ್ಥವೇನು? ಯಶೋಧರನು ಬಲಿಕೊಟ್ಟುದು ಹಿಟ್ಟಿನ ಕೋಳಿಯನ್ನು; ಸಂಕಲ್ಪಮಾತ್ರಕ್ಕೆ ತಾಯಿಮಗ ಇಬ್ಬರೂ ತಿರ್ಯಂಚ ಜನ್ಮಗಳಲ್ಲಿ ತೊಳಲಿದರು. ಇಲ್ಲಿರುವುದು ಹಿಟ್ಟಲ್ಲ. ಅಮೆರಿಕದ ಪ್ರಾಣಿರಕ್ಷಣಾ ಕಾಯಿದೆಯಂತೂ 2002ರ ತಿದ್ದುಪಡಿಯಿಂದ ಸಂಶೋಧನೆಗೆಂದು ಬೆಳೆಸಿದ ಇಲಿಯನ್ನು ‘ಪ್ರಾಣಿ’ ಎಂಬ ಶಬ್ದದ ಅರ್ಥದಿಂದಲೇ ಹೊರಗಿಟ್ಟಿದೆ.

ರೋಗಿಯು ವೈದ್ಯರು ಕೊಟ್ಟ ಗುಳಿಗೆಯನ್ನು ಬಿಡಬೇಕೆಂದು ಇದರರ್ಥವಲ್ಲ. ಪ್ರಶ್ನೆ ಇರುವುದು ಮುಂದಿನ ಹಣದ್ದು. ಬಸದಿಯ ಹುಂಡಿಯಿಂದಲೋ ಶ್ರೀಮಂತ ಶ್ರಾವಕರ ದಾನದಿಂದಲೋ ವೈದ್ಯಕೀಯ ಸಂಶೋಧನೆಗೆ ನೆರವು ಹೋಗುವಾಗ, ‘ಕೊಂದವರು ನಾವಲ್ಲ’ ಎಂಬ ಸಮಾಧಾನ ಸಲ್ಲದು. ಕೃತದೊಡನೆ ಕಾರಿತ, ಅನುಮೋದನೆಗಳನ್ನೂ ಎಣಿಸಿದ ಪರಂಪರೆ ಇದು. ಫಲಕದ ಮೇಲೆ ದಾನಿಯ ಹೆಸರನ್ನು ಎಷ್ಟು ದೊಡ್ಡದಾಗಿ ಕೆತ್ತಬೇಕೆಂದು ಸಭೆ ಸೇರಿ ಚರ್ಚಿಸುವ ಟ್ರಸ್ಟುಗಳು, ಆ ಹಣವು ಮಾನವ ಜೀವಕೋಶಗಳ ಹಾಗೂ ಮಾನವ ಕುಟುಂಬಗಳ ಅಧ್ಯಯನಕ್ಕೆ ಮಾತ್ರ ವಿನಿಯೋಗವಾಗಬೇಕೆಂಬ ಷರತ್ತನ್ನು ದಾನಪತ್ರದಲ್ಲಿ ಬರೆಯಿಸಲಿ. ಒಪ್ಪದ ಸಂಸ್ಥೆಗೆ ಚೆಕ್ಕು ಹೋಗದಿರಲಿ.