‘ಒಂದು ಸೈಜ್ ದೊಡ್ಡದು’ ಹಿಮದ ಮೇಲೆ ನಡೆಯದು

ಬೆಳೆಯುವ ಹುಡುಗ, ಯೂನಿಫಾರ್ಮ್ ಒಂದು ಸೈಜ್ ದೊಡ್ಡದೇ ಇರಲಿ ಎನ್ನುವುದು ಮಧ್ಯಮವರ್ಗದ ಮನೆಗಳ ಹಳೆಯ ಜಾಣತನ. ದಿಲ್ಲಿಯಿಂದ ಮಗನನ್ನು ಔಲಿಗೋ ಗುಲ್ಮಾರ್ಗಿಗೋ ಕರೆದೊಯ್ಯುವ ಅಪ್ಪ ಅದೇ ಲೆಕ್ಕವನ್ನು ಸ್ಕೀ ಕೊಳ್ಳುವಾಗಲೂ ಹಾಕಿದರೆ ಅದು ಜಾಣತನವಲ್ಲ, ಅಪಾಯ. ದೊಗಳೆ ಅಂಗಿ ಯಾರನ್ನೂ ಬೀಳಿಸುವುದಿಲ್ಲ. ಅಳತೆ ಮೀರಿದ ಸ್ಕೀ ಬೀಳಿಸುತ್ತದೆ.

ಉದ್ದದ ಸ್ಕೀ ವೇಗದಲ್ಲಿ ಅಲುಗಾಡದೆ ಸಾಗುತ್ತದೆ, ನಿಜ. ಆದರೆ ಅದನ್ನು ತಿರುಗಿಸುವುದು ಕಷ್ಟ. ಹೊಸಬರು ವೇಗ ತಗ್ಗಿಸಿಕೊಳ್ಳುವುದೇ ತಿರುಗುವುದರಿಂದ. ಆದ್ದರಿಂದ ನೆಟ್ಟಗೆ ನಿಲ್ಲಿಸಿದ ಸ್ಕೀ ಅವರ ಗದ್ದದ ಆಸುಪಾಸಿಗೆ ಬಂದರೆ ಸಾಕು. ನುರಿತವರಿಗೆ ಹಣೆಯವರೆಗೆ ಇರಬಹುದು. ಆಳವಾದ ಪುಡಿಹಿಮದಲ್ಲಿ ಇಳಿಯುವವರಿಗೆ ಇನ್ನೂ ಸ್ವಲ್ಪ ಹೆಚ್ಚು. ಕೈ ಮೇಲೆತ್ತಿ ಮಣಿಕಟ್ಟಿನವರೆಗೆ ಅಳೆಯುವುದು ನೇರ ಸ್ಕೀಗಳ ಕಾಲದ ಪದ್ಧತಿ. 1990ರ ದಶಕದಲ್ಲಿ ನಡು ಕಿರಿದಾದ ಕಾರ್ವಿಂಗ್ ಸ್ಕೀಗಳು ಬಂದ ಮೇಲೆ ಆ ಅಳತೆ ಹಳತಾಯಿತು.

ಎತ್ತರವೊಂದನ್ನೇ ನಂಬುವುದೂ ತಪ್ಪು. ಸ್ಕೀ ಬಾಗುವುದು ಮೈಭಾರಕ್ಕೆ. 160 ಸೆಂ.ಮೀ. ಎತ್ತರದ ಇಬ್ಬರಲ್ಲಿ ಒಬ್ಬರು 50 ಕಿಲೋ, ಇನ್ನೊಬ್ಬರು 75 ಕಿಲೋ ಇದ್ದರೆ ಇಬ್ಬರಿಗೂ ಒಂದೇ ಸ್ಕೀ ಹೊಂದುವುದಿಲ್ಲ. ಹಗುರ ಮೈಯವರಿಗೆ ಗಿಡ್ಡದು ಬೇಕು. ಬೂಟನ್ನು ಹಿಡಿದಿಡುವ ಬೈಂಡಿಂಗ್ ಕೂಡ ತೂಕ, ವಯಸ್ಸು, ಕೌಶಲ ನೋಡಿಯೇ ಬಿಗಿ ಮಾಡಬೇಕಾದದ್ದು.

ಅಂದಮೇಲೆ ಗುಟ್ಟಾಗಿ ಕೊಂಡು ಅಚ್ಚರಿಪಡಿಸುವ ಉಡುಗೊರೆ ಇದಲ್ಲ. ತೂಕ ಕೇಳಬೇಕು, ಎಷ್ಟು ಕಲಿತಿದ್ದಾರೆಂದು ಕೇಳಬೇಕು. ವರ್ಷಕ್ಕೊಮ್ಮೆ ಒಂದು ವಾರ ಹಿಮ ಕಾಣುವ ಮಕ್ಕಳಿಗಂತೂ ಬಾಡಿಗೆಯೇ ಲೇಸು. ಇಳಿಜಾರಿನಲ್ಲಿ ನಿಲ್ಲುವವನು ಈ ವರ್ಷದ ಹುಡುಗ, ಮುಂದಿನ ವರ್ಷದವನಲ್ಲ.